ಗೇಜಿನ ಮುಳ್ಳು ಏಳಲೇ ಇಲ್ಲ

ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಅಪ್ಪ ಕಟ್ಟಿಸಿದ ಏಳು ಮಹಡಿಯ ಕಟ್ಟಡ ನಮ್ಮದು. ಕೆಳಗೆ ಅಂಗಡಿಗಳು, ಮೇಲೆ ಆಫೀಸು, ಕ್ಲಿನಿಕ್ಕು. ಅಪ್ಪನ ನಂತರ ಬಾಡಿಗೆಯ ವ್ಯವಹಾರ ನನ್ನ ಕೈಗೆ ಬಂತು. ಬೆಂಕಿ ನಂದಿಸುವ ಪಂಪು, ಪೈಪುಗಳೂ ಅದರ ಜೊತೆಗೇ ಬಂದಿವೆ ಎಂದು ತಲೆಗೆ ಹೋಗಲು ಮೂರು ವರ್ಷ ಬೇಕಾಯಿತು.

ಎರಡನೇ ಮಹಡಿಯಲ್ಲಿ ಎಸಿಯ ವೈರು ಸುಟ್ಟು ಹೊಗೆ ತುಂಬಿತ್ತು. ಮೈನ್ ಸ್ವಿಚ್ ತೆಗೆದರು, ಅಲ್ಲಿಗೆ ಮುಗಿಯಿತು. ಆದರೆ ಅಲಾರಂ ಹೊಡೆಯಲೇ ಇಲ್ಲ. ವಾಚ್‌ಮ್ಯಾನ್‌ನನ್ನು ಕೇಳಿದೆ. “ಅದು ಮಳೆಗಾಲದಲ್ಲಿ ಸುಮ್ನೆ ಬೊಬ್ಬೆ ಹೊಡೀತದೆ ಸರ್, ಹಾಗೆ ಆಫ್ ಮಾಡಿ ಇಟ್ಟಿದ್ದೇನೆ.” ಹೊಗೆ ಗುರುತಿಸುವ ಡಿಟೆಕ್ಟರ್ ಬಿಚ್ಚಿದರೆ ಒಳಗೆ ಇರುವೆಗಳ ಸಂಸಾರ.

ಮರುದಿನ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಟೆರೇಸಿಗೆ ಹೋದೆ. ಬೆಂಕಿಗೆ ನೀರು ಹಾಯಿಸುವ ಪೈಪಿನ ಕೊನೆಯ ನಲ್ಲಿ, ಅಂದರೆ ಹೈಡ್ರಂಟ್ ವಾಲ್ವ್‌ಗೆ, ಒತ್ತಡ ಅಳೆಯುವ ಗೇಜ್ ಹಾಕಿ ತಿರುಗಿಸಿದೆವು. ಅಲ್ಲಿ ಚದರ ಸೆಂಟಿಮೀಟರಿಗೆ ಕನಿಷ್ಠ 3.5 ಕಿಲೋ ಒತ್ತಡ ಬರಬೇಕು. ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಬಂದದ್ದು ಒಂದು ಲೋಟದಷ್ಟು ಕೆಂಪು ನೀರು.

ಪೈಪಿನಲ್ಲಿ ಒತ್ತಡ ಸ್ವಲ್ಪ ಇಳಿದರೆ ಸಣ್ಣ ಜಾಕಿ ಪಂಪ್ ತಾನಾಗಿ ಓಡಿ ಸರಿ ಮಾಡಬೇಕು. ಜಾಸ್ತಿ ಇಳಿದರೆ ದೊಡ್ಡ ಪಂಪ್. ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪ್. ನಮ್ಮಲ್ಲಿ ಮೂರೂ ಇದ್ದವು. ಪ್ಯಾನೆಲ್‌ನ ಸ್ವಿಚ್ ಮಾತ್ರ ‘ಆಟೋ’ದಲ್ಲಿ ಇರಲಿಲ್ಲ. ಎಲ್ಲೋ ಒಂದು ಲೀಕ್ ಇದ್ದು ಜಾಕಿ ಪಂಪ್ ಪದೇ ಪದೇ ಓಡುತ್ತಿತ್ತಂತೆ, ಕರೆಂಟ್ ಬಿಲ್ ಉಳಿಸಲು ಯಾರೋ ಆಫ್ ಮಾಡಿದ್ದರು. ಡೀಸೆಲ್ ಪಂಪಿನ ಬ್ಯಾಟರಿ ಸತ್ತಿತ್ತು. “ಪಂಪ್ ಸರಿ ಉಂಟು ಸರ್, ಓಡಿಸಲಿಲ್ಲ ಅಷ್ಟೆ” ಎಂದ ವಾಚ್‌ಮ್ಯಾನ್. ಹೋಸ್ ಪೆಟ್ಟಿಗೆ ತೆಗೆದರೆ ಎರಡು ಹಿಡಿಸೂಡಿ, ಒಂದು ಕೊಡೆ. ಹಿತ್ತಾಳೆಯ ನಾಝಲ್ ಎಂದೋ ಗುಜರಿಗೆ ಹೋಗಿತ್ತು.

ವರ್ಷ ವರ್ಷ ಎಎಂಸಿಗೆ, ಅಂದರೆ ವಾರ್ಷಿಕ ನಿರ್ವಹಣೆಯ ಗುತ್ತಿಗೆಗೆ, ಹಣ ಕೊಡುತ್ತಿದ್ದೆ, ಮಾರಾಯ್ರೆ! ತಪಾಸಣೆಯ ಕಾರ್ಡ್ ನೋಡಿದರೆ ನಾಲ್ಕು ಬೇರೆ ಬೇರೆ ತಾರೀಕಿನ ಸಹಿ, ಒಂದೇ ಪೆನ್ನಿನದ್ದು. ಗುತ್ತಿಗೆಯವರನ್ನು ಬೈದೆ, ಬದಲಾಯಿಸಿದೆ. ಆದರೆ ಒಂದು ಸಲವೂ ಮೇಲೆ ಹತ್ತಿ ನೋಡದೆ ಚೆಕ್ ಬರೆದವನು ನಾನೇ ಅಲ್ವಾ? ಎಎಂಸಿ ಕೊಟ್ಟರೆ ಕೆಲಸ ಅವರದ್ದಾಗುತ್ತದೆ, ಜವಾಬ್ದಾರಿ ಮಾಲೀಕನದ್ದೇ.

ಲೀಕ್ ಸಿಕ್ಕಿದ್ದು ಟೆರೇಸಿನ ಪೈಪಿನ ಕ್ಲ್ಯಾಂಪ್ ಹತ್ತಿರ. ಮೇಲೆ ಚಂದದ ಕೆಂಪು ಪೇಂಟ್, ಉಗುರಿನಲ್ಲಿ ಕೆರೆದರೆ ಹಪ್ಪಳದ ಹಾಗೆ ಎದ್ದು ಬರುವ ತುಕ್ಕು. ಸಮುದ್ರದ ಗಾಳಿಗೆ ಇಲ್ಲಿ ಕಬ್ಬಿಣ ಬಾಳುವುದಿಲ್ಲ. ಅಷ್ಟು ಪೈಪ್ ಕತ್ತರಿಸಿ ಹೊಸದು ಹಾಕಿಸಿದೆ. ಈಗ ಮಳೆ ಮುಗಿದ ಕೂಡಲೇ ಪೇಂಟ್ ಹೊಡೆಸುತ್ತೇನೆ, ತುಕ್ಕು ಉಜ್ಜಿದ್ದನ್ನು ನೋಡಿದ ಮೇಲೆ ಮಾತ್ರ.

ಬೆಂಕಿ ನಂದಿಸುವ ಪೌಡರ್ ಸಿಲಿಂಡರ್‌ಗಳ ಮುಳ್ಳು ಹಸಿರಿನಲ್ಲಿತ್ತು. ತಲೆಕೆಳಗು ಮಾಡಿದರೆ ಒಳಗೆ ಏನೂ ಅಲುಗಲಿಲ್ಲ, ಪುಡಿ ಗಟ್ಟಿಯಾಗಿತ್ತು. ಸಿಒ2 ಸಿಲಿಂಡರಿಗೆ ಗೇಜೇ ಇರುವುದಿಲ್ಲ, ತೂಕ ನೋಡಬೇಕು. ಒಳಗಿನ ಗ್ಯಾಸ್ ಶೇ 10ಕ್ಕಿಂತ ಜಾಸ್ತಿ ಇಳಿದಿದ್ದರೆ ತುಂಬಿಸಬೇಕು. ಬಾಡಿಗೆಯವರು ಮೆಟ್ಟಿಲಿನಲ್ಲಿ ಇಟ್ಟ ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಲು ಮಾತ್ರ ಪೈಪಿಗಿಂತ ಜಾಸ್ತಿ ಕಷ್ಟವಾಯಿತು. “ನಾಳೆ ತೆಗೀತೇವೆ” ಎಂಬ ನಾಳೆ ಆರು ವಾರ ನಡೆಯಿತು.

ಈಗ ಪ್ರತಿ ಶನಿವಾರ ಹನ್ನೊಂದಕ್ಕೆ ಪಂಪ್‌ಗಳನ್ನು ಓಡಿಸುತ್ತೇವೆ. ಸ್ವಿಚ್ ಒತ್ತುವುದಿಲ್ಲ. ಟೆರೇಸಿನ ವಾಲ್ವ್ ತೆರೆದು, ಪಂಪ್ ತಾನಾಗಿ ಏಳುತ್ತದಾ ಎಂದು ಕಾಯುತ್ತೇವೆ. ಡೀಸೆಲ್‌ನ ಸರದಿ ಬಂದಾಗ ಕರೆಂಟಿನ ಪಂಪ್ ಆಫ್ ಮಾಡಿ ನೋಡುತ್ತೇವೆ. ಮುಗಿದ ಮೇಲೆ ಸ್ವಿಚ್ ಮತ್ತೆ ಆಟೋದಲ್ಲಿ ನಿಂತ ಫೋಟೋ ವಾಚ್‌ಮ್ಯಾನ್ ವಾಟ್ಸಾಪ್‌ನಲ್ಲಿ ಕಳಿಸಬೇಕು.

ಉಳಿದದ್ದು ನೀರಿನ ಜಗಳ. ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿಯುವ ಏಪ್ರಿಲ್–ಮೇನಲ್ಲಿ ಎಲ್ಲರ ಕಣ್ಣು ಬೆಂಕಿಗೆಂದು ಇಟ್ಟ ಟ್ಯಾಂಕಿನ ಮೇಲೆ. ಬಳಕೆಯ ಪಂಪಿನ ಪೈಪನ್ನು ಯಾರೋ ಅದಕ್ಕೇ ಇಳಿಬಿಟ್ಟಿದ್ದರು. ಈಗ ನೀರು ಮೊದಲು ಬೆಂಕಿಯ ಟ್ಯಾಂಕ್ ತುಂಬಿ, ಉಕ್ಕಿದ್ದು ಬಳಕೆಯ ಟ್ಯಾಂಕಿಗೆ ಹೋಗುವಂತೆ ಮಾಡಿಸಿದ್ದೇನೆ. ಕಳೆದ ಮೇನಲ್ಲಿ ಮೂರನೇ ಮಹಡಿಯವರು, “ಅಷ್ಟು ನೀರು ಸುಮ್ನೆ ಉಂಟಲ್ಲ ಸರ್” ಎಂದರು. ಟ್ಯಾಂಕರ್ ತರಿಸಿದೆ. ಅದರ ಬಿಲ್ ಯಾರು ಎಷ್ಟು ಕೊಡುವುದು ಎಂಬುದು ಇನ್ನೂ ತೀರ್ಮಾನ ಆಗಿಲ್ಲ.