ಸ್ಟೆಂಟ್ ಹಾಕಿಸಿಕೊಂಡವರು ಭರವಸೆಯನ್ನು ಅಭ್ಯಾಸ ಮಾಡಿಕೊಳ್ಳುವುದು ಹೇಗೆ?

ಹೃದ್ರೋಗ ವಾರ್ಡಿನಲ್ಲಿ ಶುಶ್ರೂಷಕಿಯಾಗಿ ದುಡಿದವಳು ನಾನು. ಸ್ಟೆಂಟ್ (ಹೃದಯದ ಕಿರಿದಾದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡವರನ್ನು ಮನೆಗೆ ಕಳುಹಿಸುವ ದಿನ ಮಾತ್ರೆಗಳ ಚೀಟಿಯನ್ನು ವಿವರಿಸುತ್ತಿದ್ದರೆ ಎಷ್ಟೋ ಮಂದಿ ಮೆಲ್ಲಗೆ ಕೇಳುತ್ತಿದ್ದರು: "ಸಿಸ್ಟರ್, ಇನ್ನು ನನ್ನಿಂದ ಏನಾದರೂ ಆದೀತೇ?" ಆ ಅಂಜಿಕೆಗೂ ಆರೈಕೆ ಬೇಕು.

2019ರಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ನಿಯತಕಾಲಿಕದಲ್ಲಿ ಬಂದ ವಿಶ್ಲೇಷಣೆಯೊಂದು 15 ಅಧ್ಯಯನಗಳ ಸುಮಾರು 2.29 ಲಕ್ಷ ಜನರ ಮಾಹಿತಿಯನ್ನು ಒಟ್ಟಾಗಿ ನೋಡಿತು. ಆಶಾವಾದಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂತಹ ಆಘಾತಗಳ ಅಪಾಯ ಶೇ 35ರಷ್ಟು ಕಡಿಮೆ ಇತ್ತು. ಆಶಾವಾದವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ನಾಳೆಯ ಮೇಲೆ ಆಸೆ ಇರುವವರು ನಡೆಯುತ್ತಾರೆ, ಬೀಡಿ ಬಿಡುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ. ಇದನ್ನು ನಾನೇ ಕಂಡಿದ್ದೇನೆ. ಆತಂಕದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಉಕ್ಕಿ ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ ಎಂಬುದಂತೂ ಗೊತ್ತಿರುವ ಸಂಗತಿ.

ಮೊದಲು ನಿಮ್ಮದೇ ಆದ ಒಂದು ಆಸೆಯನ್ನು ಹಿಡಿಯಿರಿ. ನಂಜನಗೂಡಿನ ಕಡೆಯ ರೈತರೊಬ್ಬರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ವ್ಯಾಯಾಮದ ಮಾತು ಕಿವಿಗೇ ಹೋಗುತ್ತಿರಲಿಲ್ಲ. ರಸಬಾಳೆ ತೋಟಕ್ಕೆ ನೀರು ಯಾರು ಬಿಡುತ್ತಾರೆ ಎಂದು ಕೇಳಿದ್ದೇ ತಡ, ಎದ್ದು ಕುಳಿತರು. ವೈದ್ಯರ ಒಪ್ಪಿಗೆ ಪಡೆದು ಅವರ ನಡಿಗೆಯ ಗುರಿಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆ: ಮೊದಲು ಜಗಲಿ, ಆಮೇಲೆ ಕೊಟ್ಟಿಗೆ, ಆಮೇಲೆ ಪಂಪ್‌ಮನೆ. ಮುಂದಿನ ತಪಾಸಣೆಗೆ ಅದೇ ಚೀಟಿ ಹಿಡಿದು ಬಂದರು. ಕೊಟ್ಟಿಗೆಯವರೆಗೆ ಗೆರೆ ಎಳೆದಿದ್ದರು. "ಅರ್ಧ ಗಂಟೆ ನಡೆಯಿರಿ" ಎನ್ನುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ಮನಸ್ಸಿನಲ್ಲಿ ಸುಳಿಯುವ ತೀರ್ಪುಗಳನ್ನು ಪ್ರಶ್ನೆಗಳಾಗಿ ಬದಲಿಸಿ ಒಂದು ಪುಸ್ತಕದಲ್ಲಿ ಬರೆದಿಡಿ. "ಇನ್ನು ಭಾರ ಎತ್ತುವಂತಿಲ್ಲ" ಎನಿಸಿದರೆ, "ಎಷ್ಟು ತೂಕ, ಎಂದಿನಿಂದ ಎತ್ತಬಹುದು?" ಎಂದು ಬರೆದು ಮುಂದಿನ ಭೇಟಿಯಲ್ಲಿ ಕೇಳಿ. ಮಲಗುವ ಮುನ್ನ ಆ ದಿನ ಹಿತವೆನಿಸಿದ ಒಂದೆರಡು ಸಂಗತಿಗಳನ್ನೂ ಅಲ್ಲೇ ಗುರುತು ಹಾಕಿ.

ಮನೆಯವರಿಗೆ ನನ್ನ ಬೇಡಿಕೆ: "ಚಿಂತೆ ಮಾಡಬೇಡಿ" ಎನ್ನುವ ಬದಲು ಚಪ್ಪಲಿ ಮೆಟ್ಟಿ ಅವರ ಜೊತೆ ಹೊರಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿಯೇ ಹೇಳಬೇಕು. "ಈಗ ಚೆನ್ನಾಗಿದ್ದೇನೆ" ಎಂದು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನೀವಾಗಿ ನಿಲ್ಲಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಬಹುದು. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ, ಗ್ಯಾಸ್ ಎಂದು ಸಮಾಧಾನ ಹೇಳಿಕೊಳ್ಳದೆ ತಕ್ಷಣ 108ಕ್ಕೆ ಕರೆ ಮಾಡಿ. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಹುಟ್ಟದೆ, ನಿದ್ದೆ, ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಹೃದಯಾಘಾತದ ನಂತರ ಅದು ಅನೇಕರಲ್ಲಿ ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆಯೂ ಇದೆ. ನಿಮ್ಮ ವೈದ್ಯರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.