ಹಳೇ ಡಿಂಕಿ ಸೆಂಚುರಿಯನ್ ಟ್ಯಾಂಕ್: ಕೊಳ್ಳುವ ಮುಂಚೆ ಹೊಟ್ಟೆ ನೋಡಿ

ಮಿಲಿಟರಿ ಮಾದರಿ ಕೂಡಿಡುವ ಚಾಳಿ ಹತ್ತಿದವರ ಕಣ್ಣಿಗೆ ಡಿಂಕಿ ಸೆಂಚುರಿಯನ್, ಅಂದರೆ ಬ್ರಿಟಿಷ್ ಸೆಂಚುರಿಯನ್ ಟ್ಯಾಂಕನ್ನು ಹೋಲುವ ಡಿಂಕಿ ಬ್ರ್ಯಾಂಡಿನ ಲೋಹದ ಆಟಿಕೆ, ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಡಿಂಕಿ ಪಟ್ಟಿಯಲ್ಲಿ ಇದರ ನಂಬರ್ 651. ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆಯಲ್ಲಿ ಮೆಕ್ಯಾನೊ ಕಂಪನಿ 1954ರಲ್ಲಿ ಶುರು ಮಾಡಿ ವರ್ಷಗಟ್ಟಲೆ ತಯಾರಿಸಿದ ಮಾಲು. ಪಾಕಿಸ್ತಾನದ ಜೊತೆಗಿನ ಕಾಳಗಗಳಾದ 1965ರ ಅಸಲ್ ಉತ್ತರ್‌ನಲ್ಲೂ 1971ರ ಬಸಂತರ್‌ನಲ್ಲೂ ನಮ್ಮ ಸೇನೆ ನಿಜವಾದ ಸೆಂಚುರಿಯನ್ ಓಡಿಸಿತ್ತು, ಆದ್ದರಿಂದ ನಮ್ಮವರಿಗೆ ಇದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಆದರೆ ಇದು ಅಪರೂಪದ್ದೇನಲ್ಲ. ಮಾರುವವನು 'ರೇರ್ ಪೀಸ್ ಸಾರ್' ಅಂದರೆ ಸುಮ್ನೆ ನಕ್ಕುಬಿಡಿ. ಇಲ್ಲಿ ಬೆಲೆ ನಿಂತಿರುವುದು ಎರಡರ ಮೇಲೆ, ಬಣ್ಣ ಮೂಲದ್ದಾ, ಬಿಡಿಭಾಗ ಮೂಲದ್ದಾ ಅನ್ನುವುದರ ಮೇಲೆ.

ಕೈಗೆ ಸಿಕ್ಕ ಕೂಡಲೇ ಮಗುಚಿ ನೋಡಿ. ಮೇಲ್ಭಾಗಕ್ಕೆ ಯಾರು ಬೇಕಾದರೂ ಚೆಂದ ಮಾಡಬಹುದು, ಅಡಿಭಾಗಕ್ಕೆ ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಭಾಗಗಳನ್ನು ಜೋಡಿಸುವ ರಿವೆಟ್ ಮೊಳೆಯ ತಲೆ ಕೊರೆದಂತಿದೆಯಾ, ಅದರ ಜಾಗದಲ್ಲಿ ಸ್ಕ್ರೂ ಇದೆಯಾ, ಅಂಟು ಮೆತ್ತಿದ್ದಾರಾ? ಹಾಗಿದ್ದರೆ ಟ್ಯಾಂಕನ್ನು ಒಮ್ಮೆ ಬಿಚ್ಚಿದ್ದಾರೆ, ಬಿಚ್ಚಿದವರು ಬಹುತೇಕ ಬಣ್ಣವನ್ನೂ ಬಳಿದಿರುತ್ತಾರೆ. ಅಡಿಯ ಅಕ್ಷರಗಳ ಅಂಚು ಚೂಪಾಗಿರಬೇಕು. ಬಣ್ಣ ತುಂಬಿ ಮೊಂಡಾಗಿದ್ದರೆ ಅನುಮಾನ ಪಡಿ.

ಆಮೇಲೆ ಕಿಟಕಿ ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮೂಲದ ಮಿಲಿಟರಿ ಹಸಿರು ಮಂಕಾಗಿರುತ್ತದೆ. ಆಡಿದ ಟ್ಯಾಂಕಿನ ಬಣ್ಣ ಏಳುವುದು ಟರೆಟ್ಟಿನ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಮೇಲಂಚಿನಲ್ಲಿ, ಮಡ್‌ಗಾರ್ಡ್ ಮೂಲೆಗಳಲ್ಲಿ, ಅಂದರೆ ನೆಲಕ್ಕೆ ಬಡಿಯುವ ಕಡೆ. ಅಲ್ಲಿ ಒಳಗಿನ ಲೋಹ ಮಾಸಿದ ಬೂದು ಬಣ್ಣದಲ್ಲಿ ಕಾಣಬೇಕು. ಅರವತ್ತು ವರ್ಷದ ಆಟಿಕೆಯ ಒಂದೂ ಅಂಚು ಸವೆದಿಲ್ಲ, ಆದರೆ ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಪಟ್ಟಿ) ಮಾತ್ರ ಬಿರುಕು ಬಿಟ್ಟಿದೆ ಅಂದರೆ ಆ ಕತೆ ಹೊಂದುವುದಿಲ್ಲ, ಅಲ್ವಾ? ಕೆಲವರು ಎದ್ದ ಬಣ್ಣದ ಮೇಲೆ ಮಾರ್ಕರ್ ಪೆನ್ ಎಳೆದುಬಿಡುತ್ತಾರೆ. ಓರೆ ಬೆಳಕಿನಲ್ಲಿ ಆ ಚುಕ್ಕೆ ಬೇರೆಯದೇ ಹೊಳಪಿನಲ್ಲಿ ಎದ್ದು ಕಾಣುತ್ತದೆ. ಹತ್ತು ಕಡೆ ಬಣ್ಣ ಎದ್ದ ಮೂಲದ ಟ್ಯಾಂಕ್ ಹೊಸ ಬಣ್ಣದಲ್ಲಿ ಮಿಂಚುವುದಕ್ಕಿಂತ ಮೇಲು. ನನ್ನ ರುಚಿ ಮಾತ್ರವಲ್ಲ, ಮಾರುಕಟ್ಟೆ ಲೆಕ್ಕವೂ ಅದೇ.

ಟ್ರ್ಯಾಕ್ ರಬ್ಬರಿನದು. ಹಳೆಯದಾದಂತೆ ಗಟ್ಟಿಯಾಗಿ, ಬಿರಿದು, ಕೊನೆಗೆ ತುಂಡಾಗುತ್ತದೆ. ಎಳೆದು ಪರೀಕ್ಷಿಸುವ ಕೆಲಸ ಮಾತ್ರ ಮಾಡಬೇಡಿ, ಕೈಯಲ್ಲೇ ಕಿತ್ತು ಬಂದರೆ ದುಡ್ಡು ನೀವೇ ಕೊಡಬೇಕಾಗುತ್ತದೆ! ಬದಲಿ ಟ್ರ್ಯಾಕ್ ಸುಲಭವಾಗಿ ಸಿಗುತ್ತದೆ, ಹಾಕಿದ್ದರೆ ತಪ್ಪೇನಿಲ್ಲ. ಆದರೆ ಮೂಲದ್ದು ಅಂತ ಹೇಳಿ ಮಾರುವಂತಿಲ್ಲ. ಮೆತ್ತಗೆ, ಕಪ್ಪಗೆ, ಧೂಳೇ ಇಲ್ಲದೆ ಇದ್ದರೆ ಹೊಸದೇ. ಟ್ರ್ಯಾಕ್ ಒಳಗಿನ ಚಿಕ್ಕ ಚಕ್ರಗಳಾದ ರೋಲರುಗಳನ್ನೂ ನೋಡಿ, ಮೊದಲು ಬಂದವು ಲೋಹದವು, ಆಮೇಲೆ ಪ್ಲಾಸ್ಟಿಕ್. ಎರಡೂ ಬೆರೆತಿದ್ದರೆ ಎರಡು ಟ್ಯಾಂಕ್ ಸೇರಿ ಒಂದಾಗಿರಬಹುದು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಟ್ಯಾಂಕ್ ಸಿಕ್ಕಿತು ಅನ್ನಿ, 1937ರ ನಂಬರ್ 151ಎ ಅಥವಾ 152ಎ. ಅವುಗಳಲ್ಲಿ ರಬ್ಬರ್ ಇಲ್ಲ, ಸರಪಳಿ ಟ್ರ್ಯಾಕ್. ಅಲ್ಲಿ ನೋಡಬೇಕಾದ ರೋಗವೇ ಬೇರೆ. ಆ ಕಾಲದ ಸತು ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ಒಳಗಿನಿಂದಲೇ ಉಬ್ಬಿ, ಸೀಳಿ, ಒಣಗಿದ ರೊಟ್ಟಿಯಂತೆ ಮುರಿಯುತ್ತದೆ. ಇದಕ್ಕೆ ಔಷಧಿ ಇಲ್ಲ. ಮೈಮೇಲೆ ಕೂದಲೆಳೆಯಂಥ ಬಿರುಕು ಕಂಡರೆ, ಅಥವಾ ಮೇಜಿನ ಮೇಲಿಟ್ಟಾಗ ಸೊಟ್ಟಗೆ ಕೂತರೆ ವಾಪಸ್ ಕೊಟ್ಟುಬಿಡಿ.

ಡಬ್ಬಿ ಇದ್ದರೆ ಬೆಲೆ ಏರುತ್ತದೆ, ಅದಕ್ಕೇ ನಕಲಿ ಡಬ್ಬಿಗಳೂ ಇವೆ. ನೀಲಿ-ಬಿಳಿ ಪಟ್ಟೆಯ ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿ, ಮನೆ ಪ್ರಿಂಟರಿನ ಶಾಯಿ ಚುಕ್ಕೆ ಕಂಡರೆ ಮುಗೀತು. ಡಬ್ಬಿಯ ಒಳಗೂ ಕಣ್ಣಾಡಿಸಿ. ಭಾರದ ಲೋಹ ವರ್ಷಾನುಗಟ್ಟಲೆ ಕೂತಿದ್ದರೆ ಉಜ್ಜಿದ ಗುರುತು ಇರಲೇಬೇಕು. ಯುವಿ (ನೇರಳಾತೀತ ಬೆಳಕಿನ) ಟಾರ್ಚ್‌ನಲ್ಲಿ ಕಾಗದ ಫಳಫಳ ಹೊಳೆದರೆ ಹೊಸದಿರಬಹುದು, ಆದರೆ ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಟ್ಯಾಂಕ್ ಹೊರುವ ಟ್ರಾನ್ಸ್‌ಪೋರ್ಟರ್ ಲಾರಿ ಜೊತೆಗಿನ ನಂಬರ್ 698 ಸೆಟ್ ಆದರೆ ಇನ್ನೂ ಹುಷಾರು. ಬಿಡಿ ಲಾರಿ, ಬಿಡಿ ಟ್ಯಾಂಕ್, ನಕಲಿ ಡಬ್ಬಿ ಸೇರಿಸಿ 'ಸೆಟ್' ಮಾಡುವುದು ಬಹಳ ಸುಲಭ.

ಫೋಟೋ ನೋಡಿ ಕೊಳ್ಳುವುದಾದರೆ ಅಡಿಭಾಗ, ಎರಡೂ ಪಕ್ಕ, ಟರೆಟ್ ತಿರುಗಿಸಿದ್ದು, ಡಬ್ಬಿಯ ಎಲ್ಲ ಮುಖ, ಇಷ್ಟನ್ನೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಬೆಲೆ ತಿಳಿಯಬೇಕೆಂದರೆ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತ ನೋಡಿ, ಕೇಳುವ ಬೆಲೆ ಯಾರು ಎಷ್ಟು ಬೇಕಾದರೂ ಬರೆಯಬಹುದು. ಇಂಗ್ಲೆಂಡಿನಿಂದ ತರಿಸುವವರು ಸುಂಕ ಮರೆಯಬೇಡಿ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅದರ ಮೇಲೆ ಸಾಗಣೆ ಖರ್ಚು, ಬೇರೆ ತೆರಿಗೆ. ಎಲ್ಲ ಕೂಡಿಸಿ ನೋಡಿದ ಮೇಲೆ, ಇಲ್ಲೇ ಯಾರೋ ಸ್ವಲ್ಪ ಜಾಸ್ತಿ ಹೇಳಿದ ಟ್ಯಾಂಕೇ ಅಗ್ಗ ಅನ್ನಿಸಬಹುದು.