ಸಿಂಡಿಕೇಟಿನ 100 ಷೇರು 75 ಆದ ಲೆಕ್ಕ

ಮಂಗಳೂರಿನ ಷೇರು ಬ್ರೋಕರ್ ಸಂಸ್ಥೆಯೊಂದರಲ್ಲಿ ನಾನು ದತ್ತಾಂಶದ ಕೆಲಸ ನೋಡಿಕೊಳ್ಳುತ್ತೇನೆ. ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ವಾರಕ್ಕೆರಡು ದಿನ ಕಾಸರಗೋಡಿನ ಶಾಖೆಗೆ ಹೋಗುತ್ತೇನೆ, ಉಳಿದ ದಿನ ಮನೆಯ ಜಗಲಿಯಿಂದಲೇ ಕೆಲಸ. ಸಂಜೆಯ ಭಾವ್‌ಕಾಪಿ ಎಂಬ ದರಪಟ್ಟಿಯಿಂದ ಹಿಡಿದು ಗ್ರಾಹಕರ ಪ್ರಶ್ನೆಯವರೆಗಿನ ಕೆಲಸವನ್ನು ಎಐ ಏಜೆಂಟುಗಳ ಕೈಗೆ ಹೇಗೆ ಕೊಟ್ಟೆ, ಎಲ್ಲಿ ಕೊಡಬಾರದೆಂದು ಕಲಿತೆ ಎಂಬುದನ್ನು ಬರೆಯುತ್ತಿದ್ದೇನೆ. ನಮ್ಮಂಥ ಸಣ್ಣ ಸಂಸ್ಥೆಗಳಲ್ಲಿ ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆದೀತು.

ಷೇರು ಮಾರುಕಟ್ಟೆ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮುಚ್ಚುತ್ತದೆ. ಆಮೇಲೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಆ ದಿನದ ಎಲ್ಲ ಷೇರುಗಳ ದರಪಟ್ಟಿಯನ್ನು ಒಂದು ಕಡತವಾಗಿ ಹೊರಗೆ ಬಿಡುತ್ತದೆ. ಅದೇ ಭಾವ್‌ಕಾಪಿ. ನಮ್ಮಲ್ಲಿ ಐದು ತಂಡಗಳು: ಡೀಲಿಂಗ್ (ಆರ್ಡರ್ ಹಾಕುವವರು), ಬ್ಯಾಕ್ ಆಫೀಸ್ (ಲೆಕ್ಕಪತ್ರ ನೋಡುವವರು), ರಿಸ್ಕ್ (ನಷ್ಟದ ಅಪಾಯ ಕಾಯುವವರು), ರೀಸರ್ಚ್, ಗ್ರಾಹಕ ಸೇವೆ. ಐದೂ ತಂಡದವರು ಅದೇ ಕಡತವನ್ನು ಬೇರೆ ಬೇರೆ ಇಳಿಸಿಕೊಂಡು, ಬೇರೆ ಬೇರೆ ಎಕ್ಸೆಲ್‌ಗೆ ಅಂಟಿಸಿ, ಬೇರೆ ಬೇರೆ ಉತ್ತರ ಹೇಳುತ್ತಿದ್ದರು. ಗ್ರಾಹಕರೊಬ್ಬರು ಬೆಳಿಗ್ಗೆ ಶಾಖೆಗೆ, ಮಧ್ಯಾಹ್ನ ಮಂಗಳೂರಿಗೆ ಫೋನ್ ಮಾಡಿದರೆ ಎರಡು ಮೊತ್ತ ಕೇಳಿಸಿಕೊಳ್ಳುತ್ತಿದ್ದರು. ದುಡ್ಡಿನ ವಿಷಯದಲ್ಲಿ ಹೀಗಾದರೆ ಯಾರಿಗಾದರೂ ಸಂಶಯ ಬಾರದೆ ಇರುತ್ತದೆಯೇ?

2025ರ ಆರಂಭದಲ್ಲಿ ಮೊದಲ ಏಜೆಂಟನ್ನು ಕಟ್ಟಿದೆ. ಏಜೆಂಟು ಎಂದರೆ ಇಷ್ಟೇ: ಒಂದು ದೊಡ್ಡ ಭಾಷಾ ಮಾದರಿ, ಅದು ಕರೆಯಬಹುದಾದ ಕೆಲವು ಸಲಕರಣೆಗಳು, ಮತ್ತು ಉತ್ತರ ಸಿಗುವ ತನಕ ಒಂದೊಂದೇ ಹೆಜ್ಜೆ ಯೋಚಿಸಿ ಆ ಸಲಕರಣೆಗಳನ್ನು ಬಳಸುವ ಸುತ್ತು. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗ್ರಾಹಕರ ಹಿಡುವಳಿ ಪಟ್ಟಿ, ಭಾವ್‌ಕಾಪಿ, ಕಂಪನಿಗಳ ಪ್ರಕಟಣೆ ಮೂರನ್ನೂ ಅದರ ಮುಂದೆ ಇಟ್ಟು, ಕೇಳಿದ್ದಕ್ಕೆ ಉತ್ತರ ಹೇಳು ಎಂದೆ.

ಆ ವಾರವೇ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರ ಪ್ರಶ್ನೆ ಬಂತು. ನಮ್ಮ ಊರಿನ ಹಿರಿಯರ ಹತ್ತಿರ ಷೇರು ಉಂಟು ಎಂದರೆ ಹೆಚ್ಚಾಗಿ ಕರಾವಳಿಯ ಬ್ಯಾಂಕುಗಳದ್ದೇ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್. ಮಂಗಳೂರಿನ ವಿಜಯಾ, ಕೆನರಾ, ಕರ್ಣಾಟಕ. ಈ ಕೃಷಿಕರು 1999ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಷೇರು ಜನರಿಗೆ ತೆರೆದಾಗ 100 ತೆಗೆದುಕೊಂಡು ಮುಟ್ಟದೆ ಇಟ್ಟವರು. ಈಗ ಎಷ್ಟಿದೆ ಎಂಬುದು ಪ್ರಶ್ನೆ.

ನಾನು ಕೇಳಿದಾಗ ಏಜೆಂಟು 79 ಎಂದಿತು. ಪ್ರಶ್ನೆಯ ಮಾತು ಸ್ವಲ್ಪ ಬದಲಿಸಿ ಕೇಳಿದರೆ 80. ಷೇರುಗಳನ್ನು ಕಾಗದವಿಲ್ಲದೆ ಇಡುವ ಅವರ ಡಿಮ್ಯಾಟ್ ಖಾತೆಯಲ್ಲಿ ಇದ್ದದ್ದು 75.

ಲೆಕ್ಕ ಹೀಗೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು. 1000 ಸಿಂಡಿಕೇಟ್ ಷೇರಿಗೆ 158 ಕೆನರಾ ಷೇರು. ಅಂದರೆ 100ಕ್ಕೆ 15.8. ಅರ್ಧಂಬರ್ಧ ಷೇರು ಖಾತೆಗೆ ಬರುವುದಿಲ್ಲ. 15 ಷೇರು ಬರುತ್ತದೆ, ಉಳಿದ ತುಣುಕಿಗೆ ನಗದು. ಆಮೇಲೆ 2024ರ ಮೇ 15ನ್ನು ದಾಖಲೆ ದಿನವಾಗಿಟ್ಟುಕೊಂಡು (ಆ ದಿನ ಷೇರು ಯಾರ ಹೆಸರಿನಲ್ಲಿದೆಯೋ ಅವರಿಗೆ ಅನ್ವಯ) ಕೆನರಾ ಬ್ಯಾಂಕ್ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದಾಗಿ ಒಡೆಯಿತು. 15ರ ಐದು ಪಟ್ಟು 75. ಏಜೆಂಟು ತುಣುಕನ್ನು ಕೊನೆಯವರೆಗೆ ಎಳೆದುಕೊಂಡು ಹೋಗಿ 79 ಮಾಡಿತು, ಇನ್ನೊಮ್ಮೆ 15.8ನ್ನು 16 ಎಂದು ಏರಿಸಿ 80 ಮಾಡಿತು. ಅದಕ್ಕೆ ಗುಣಾಕಾರ ಗೊತ್ತಿತ್ತು. ಯಾವ ಹಂತದಲ್ಲಿ ತುಣುಕನ್ನು ಕತ್ತರಿಸಬೇಕು ಎಂಬುದು ಗೊತ್ತಿರಲಿಲ್ಲ. ಹಾಗಿದ್ದೂ ಎರಡು ಸಲವೂ ಸ್ವಲ್ಪವೂ ಅಳುಕದೆ ಉತ್ತರ ಕೊಟ್ಟಿತು. ನನಗೆ ಹೆದರಿಕೆ ಆದದ್ದು ಅದರಿಂದ.

ಆವತ್ತು ರಾತ್ರಿ ಇಡೀ ವ್ಯವಸ್ಥೆಯನ್ನು ತಿರುಗಿಸಿ ಹಾಕಿದೆ. ಏಜೆಂಟು ಇನ್ನು ಒಂದೇ ಒಂದು ಸಂಖ್ಯೆಯನ್ನೂ ತಾನಾಗಿ ಲೆಕ್ಕ ಮಾಡಬಾರದು. ಮಾತನ್ನು ಅರ್ಥ ಮಾಡಿಕೊಳ್ಳುವುದು ಅದರ ಕೆಲಸ. ಲೆಕ್ಕ ಮಾಡುವುದು ನಾನು ಪೈಥಾನ್‌ನಲ್ಲಿ ಬರೆದ, ಪರೀಕ್ಷೆ ಮಾಡಿದ, ಪ್ರತಿ ಸಲವೂ ಒಂದೇ ಉತ್ತರ ಕೊಡುವ ಪ್ರೋಗ್ರಾಮುಗಳದ್ದು. ಉತ್ತರದಲ್ಲಿರುವ ಪ್ರತಿ ಅಂಕಿಯೂ ಯಾವ ಪ್ರೋಗ್ರಾಮಿನಿಂದ, ಯಾವ ದಿನದ ಕಡತದ ಯಾವ ಸಾಲಿನಿಂದ ಬಂತು ಎಂದು ಹಿಂದೆ ಹೋಗಿ ತೋರಿಸಲು ಆಗಬೇಕು. ತೋರಿಸಲಾಗದಿದ್ದರೆ ಉತ್ತರ ಹೊರಗೆ ಹೋಗುವುದಿಲ್ಲ.

ಭಾವ್‌ಕಾಪಿ ಇಳಿಸುವ ಕೆಲಸಕ್ಕಂತೂ ಏಜೆಂಟೇ ಬೇಡ ಎಂದು ಆಗ ಗೊತ್ತಾಯಿತು. ಹೊತ್ತಿಗೆ ಸರಿಯಾಗಿ ಹೋಗಿ ಕಡತ ತಂದು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶಕೋಶಕ್ಕೆ ತುಂಬುವ ಸಾದಾ ಪ್ರೋಗ್ರಾಮು ಸಾಕು. ನಮ್ಮ ಮಳೆಗಾಲದ ಕರೆಂಟನ್ನು ನಂಬಲಿಕ್ಕಾಗದು, ಹಾಗಾಗಿ ಅದು ಬಾಡಿಗೆ ಸರ್ವರಿನಲ್ಲಿ ಓಡುತ್ತದೆ.

ಆದರೆ ಕಂಪನಿಗಳ ಪ್ರಕಟಣೆ ಓದುವುದಕ್ಕೆ ಏಜೆಂಟಿನಷ್ಟು ಒಳ್ಳೆಯ ಸಲಕರಣೆ ನಾನು ಕಂಡಿಲ್ಲ. ಬ್ಯಾಕ್ ಆಫೀಸಿನ ಅಕ್ಕ ಒಬ್ಬರು ವರ್ಷಗಟ್ಟಲೆ ಇದನ್ನು ಕೈಯಲ್ಲೇ ಮಾಡಿದವರು. ಬೋನಸ್ 1:1 ಎಂದರೆ ಒಂದಕ್ಕೆ ಇನ್ನೊಂದು ಸೇರಿ ಎರಡಾಗುತ್ತದೆ. 2024ರ ಅಕ್ಟೋಬರ್ 28ರ ರಿಲಯನ್ಸ್ ಬೋನಸ್ ಹಾಗೆ. ವಿಭಜನೆ 1:10 ಎಂದರೆ ಒಂದು ಒಡೆದು ಹತ್ತಾಗುತ್ತದೆ, ಹನ್ನೊಂದಲ್ಲ. ಅದೇ ವರ್ಷ ಜನವರಿ 5ರ ನೆಸ್ಲೆ ಹಾಗೆ. ಎಚ್‌ಡಿಎಫ್‌ಸಿ ಸಂಸ್ಥೆ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾದಾಗ 25 ಹಳೆಯ ಷೇರಿಗೆ 42 ಬ್ಯಾಂಕ್ ಷೇರು. ಬರೆಯುವ ರೀತಿ ಒಂದೇ, ಅರ್ಥ ಬೇರೆ. ಅಕ್ಕ ತಮ್ಮ ಪುಸ್ತಕದಲ್ಲಿ ಇವನ್ನೆಲ್ಲ ಎರಡೇ ಅಂಕಣಕ್ಕೆ ಇಳಿಸಿದ್ದರು: "ಮೊದಲು ಎಷ್ಟು, ಈಗ ಎಷ್ಟು." ರಿಲಯನ್ಸ್ 1, 2. ನೆಸ್ಲೆ 1, 10. ಸಿಂಡಿಕೇಟ್ 1000, 158. ನಾನು ಆ ಪುಸ್ತಕವನ್ನೇ ಮಾದರಿ ಮಾಡಿಕೊಂಡೆ. ಏಜೆಂಟು ಪ್ರಕಟಣೆ ಓದಿ ಆ ಎರಡು ಅಂಕಿ, ದಾಖಲೆ ದಿನ, ಹಳೆಯ ಮತ್ತು ಹೊಸ ಐಎಸ್‌ಐಎನ್ ಸಂಖ್ಯೆ (ಪ್ರತಿ ಷೇರಿನ ಗುರುತು ಸಂಖ್ಯೆ) ತುಂಬುತ್ತದೆ, ಯಾವ ವಾಕ್ಯದಿಂದ ತೆಗೆದದ್ದೆಂದು ಕೆಳಗೆ ಬರೆಯುತ್ತದೆ. ಅಕ್ಕ ನೋಡಿ ಒಪ್ಪಿದರೆ ಮಾತ್ರ ಅದು ಲೆಕ್ಕಕ್ಕೆ ಇಳಿಯುತ್ತದೆ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಈಗ ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೆಲೆಬಾಳುವ ಭಾಗ ಯಾವುದೆಂದರೆ ಅಕ್ಕನ ಆ ಎರಡು ಅಂಕಣ ಎಂದೇ ನಾನು ಹೇಳುವುದು.

ಐಎಸ್‌ಐಎನ್ ಯಾಕೆ ಎರಡು ಬೇಕೆಂದರೆ, ಮುಖಬೆಲೆ ಒಡೆದಾಗ ಷೇರಿನ ಆ ಸಂಖ್ಯೆಯೇ ಬದಲಾಗುತ್ತದೆ. ಬೋನಸ್ ಬಂದರೆ ಬದಲಾಗುವುದಿಲ್ಲ. ಹೆಸರು ಬದಲಿಸಿದರೆ ಸಂಖ್ಯೆ ಉಳಿದು ಚಿಹ್ನೆ (ಮಾರುಕಟ್ಟೆಯಲ್ಲಿ ಷೇರಿನ ಚುಟುಕು ಹೆಸರು) ಬದಲಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಜೊಮಾಟೊ ಹೋಗಿ ಎಟರ್ನಲ್ ಆದ ಹಾಗೆ. ಚಿಹ್ನೆಯೊಂದನ್ನೇ ನಂಬಿದರೂ ಕಷ್ಟ, ಸಂಖ್ಯೆಯೊಂದನ್ನೇ ನಂಬಿದರೂ ಕಷ್ಟ. ಭಾವ್‌ಕಾಪಿಯಲ್ಲಿ ಯಾವ ಬಗೆಯ ಪತ್ರವೆಂದು ಹೇಳುವ ಸೀರೀಸ್ ಅಂಕಣ ನೋಡದೆ ಹೋದರೆ ಅದೇ ಕಂಪನಿಯ ಸಾಲಪತ್ರದ ದರವನ್ನು ಷೇರಿನ ದರ ಎಂದುಕೊಳ್ಳುವ ಅಪಾಯವೂ ಇದೆ.

ಇನ್ನು "ದರ" ಎಂಬ ಪದದ ಕಥೆ. ಡೀಲಿಂಗ್‌ನವರಿಗೆ ದರ ಎಂದರೆ ಕೊನೆಯ ವ್ಯವಹಾರ ನಡೆದ ಬೆಲೆ. ಬ್ಯಾಕ್ ಆಫೀಸಿಗೆ ಮುಕ್ತಾಯ ದರ. ನಾನು ಇದನ್ನು ಕಟ್ಟುವಾಗ ಎನ್‌ಎಸ್‌ಇಯ ಮುಕ್ತಾಯ ದರವೆಂದರೆ ಕೊನೆಯ ಅರ್ಧ ಗಂಟೆಯ ವ್ಯವಹಾರಗಳ ಪ್ರಮಾಣ ನೋಡಿ ತೆಗೆದ ಸರಾಸರಿ. ಎರಡೂ ಒಂದೇ ಕಡತದಲ್ಲಿ ಬೇರೆ ಬೇರೆ ಅಂಕಣದಲ್ಲಿ ಇವೆ. ರೀಸರ್ಚ್‌ನವರಿಗೆ ಬೇಕಾದದ್ದು ವಿಭಜನೆ, ಬೋನಸ್ ಎಲ್ಲ ಸರಿದೂಗಿಸಿದ ದರ. ರಿಸ್ಕ್‌ನವರು ದರ ಎಂದಾಗ ಅಡವಿಟ್ಟ ಷೇರಿನ ಬೆಲೆಯಲ್ಲಿ ಸುರಕ್ಷತೆಗೆಂದು ಒಂದು ಪಾಲು ಕಳೆದು ಉಳಿದದ್ದು. ಇಷ್ಟು ವರ್ಷ ಇವರೆಲ್ಲ ಫೋನಿನಲ್ಲಿ "ಇವತ್ತಿನ ದರ ಎಷ್ಟು" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು! ಒಂದೊಂದು ತಂಡದ ಜೊತೆ ಒಂದೊಂದು ಮಧ್ಯಾಹ್ನ ಕುಳಿತು ಪದಗಳ ಪಟ್ಟಿ ಮಾಡಿದೆ. ಲಾಭ, ಹಿಡುವಳಿ, ಬಾಕಿ, ನಿನ್ನೆ. ಹೌದು, "ನಿನ್ನೆ" ಕೂಡ: ಸೋಮವಾರ ಬೆಳಿಗ್ಗೆ ನಿನ್ನೆ ಎಂದರೆ ಶುಕ್ರವಾರ. ಆ ಪಟ್ಟಿ ಈಗ ಏಜೆಂಟಿನ ಸೂಚನೆಯ ಮೊದಲ ಭಾಗ. ಯಾವ ತಂಡದವರು ಕೇಳಿದರೋ ಅವರ ಅರ್ಥ ಹಿಡಿದು, ಯಾವ ದರವೆಂದು ಉತ್ತರದಲ್ಲಿ ಬಿಡಿಸಿ ಹೇಳುತ್ತದೆ. ಐದು ತಂಡಗಳ ನಡುವಿನ ಜಗಳ ಅರ್ಧಕ್ಕರ್ಧ ಅಲ್ಲೇ ನಿಂತಿತು.

ಪರೀಕ್ಷೆಗೆ ಸುಮ್ಮನೆ ಇಂದಿನ ಕಡತ ಕೊಟ್ಟರೆ ಪ್ರಯೋಜನವಿಲ್ಲ, ಸಾಮಾನ್ಯ ದಿನ ಎಲ್ಲವೂ ಸರಿಯಾಗಿಯೇ ಓಡುತ್ತದೆ. ನಾನು ಕೆಟ್ಟ ದಿನಗಳನ್ನು ಹೆಕ್ಕಿ ಇಟ್ಟುಕೊಂಡೆ. 2024ರ ಜುಲೈ 8: ಭಾವ್‌ಕಾಪಿಯ ರೂಪವೇ ಬದಲಾಗಿ, ಕಡತದ ಹೆಸರು, ಅಂಕಣಗಳ ಹೆಸರು ಎಲ್ಲ ಹೊಸದಾದ ದಿನ; ನಮ್ಮ ಎಕ್ಸೆಲ್ ಮ್ಯಾಕ್ರೋಗಳು ಸಾಲಾಗಿ ಮಲಗಿದ್ದವು. 2025ರ ಫೆಬ್ರವರಿ 1: ಶನಿವಾರವಾದರೂ ಬಜೆಟ್ಟಿಗಾಗಿ ಮಾರುಕಟ್ಟೆ ತೆರೆದ ದಿನ. 2024ರ ನವೆಂಬರ್ 1: ದೀಪಾವಳಿಯ ಮುಹೂರ್ತ ವ್ಯಾಪಾರ, ಸಂಜೆ 6ರಿಂದ 7. ಮರುವರ್ಷ ಅಕ್ಟೋಬರ್ 21ರಂದು ಅದೇ ಮುಹೂರ್ತ ಮಧ್ಯಾಹ್ನ 1.45ಕ್ಕೆ ಬಂತು. ವಾರ, ಗಂಟೆ ನೋಡಿ ಓಡುವ ಪ್ರೋಗ್ರಾಮು ಇಂಥ ದಿನ ಎಡವುತ್ತದೆ, ಹಾಗಾಗಿ ಈಗ ವಿನಿಮಯ ಕೇಂದ್ರದ ಕ್ಯಾಲೆಂಡರ್ ನೋಡಿಯೇ ಓಡುತ್ತದೆ. 2025ರ ಜನವರಿ 6: ಐಟಿಸಿಯಿಂದ ಹೋಟೆಲು ಬೇರೆಯಾಗಿ, 10 ಷೇರಿಗೆ ಒಂದು ಐಟಿಸಿ ಹೋಟೆಲ್ಸ್ ಷೇರು. ಮತ್ತೆ ಕೆನರಾದ 2024ರ ಮೇ 15. ಸರಿದೂಗಿಸದ ದರ ಕೊಟ್ಟರೆ ಏಜೆಂಟು "ಒಂದೇ ದಿನ ನೂರಕ್ಕೆ ಎಂಬತ್ತು ಕುಸಿತ" ಎಂದು ರಿಸ್ಕ್ ತಂಡಕ್ಕೆ ಎಚ್ಚರಿಕೆ ಕಳುಹಿಸುತ್ತದೆ. ಏನು ಬದಲಿಸಿದರೂ, ಸೂಚನೆಯಲ್ಲಿ ಒಂದು ಪದ ತಿದ್ದಿದರೂ, ಈ ದಿನಗಳನ್ನೆಲ್ಲ ಮತ್ತೊಮ್ಮೆ ಓಡಿಸದೆ ಬಿಡುವುದಿಲ್ಲ.

ಭಾಷೆಯ ವಿಷಯ ಬೇರೆ ಊರಿನವರಿಗೆ ಬೇಗ ಗೊತ್ತಾಗಲಿಕ್ಕಿಲ್ಲ. ಶಾಖೆಯ ವಾಟ್ಸಾಪಿಗೆ ಬರುವ ಧ್ವನಿ ಸಂದೇಶದಲ್ಲಿ ಒಬ್ಬರು ತುಳುವಿನಲ್ಲಿ "ಏತ್ ಉಂಡು" (ಎಷ್ಟಿದೆ) ಎನ್ನುತ್ತಾರೆ, ಇನ್ನೊಬ್ಬರು ಮಲಯಾಳದಲ್ಲಿ ಕೇಳುತ್ತಾರೆ. ಪೆರ್ಲದ ಆ ಹಿರಿಯರು ಹೇಳಿದ್ದು ಹವ್ಯಕ ಭಾಷೆಯಲ್ಲಿ: "ಸಿಂಡಿಕೇಟಿನ ನೂರು ಶೇರು ಇತ್ತು ಎನ್ನತ್ರೆ, ಈಗ ಎಷ್ಟಿದ್ದು?" ನಮ್ಮ ಮನೆಮಾತಿನ "ಇದ್ದು" ಎಂದರೆ "ಇದೆ". ಮಾದರಿಗೆ ಗೊತ್ತಿದ್ದ ಕನ್ನಡದಲ್ಲಿ "ಇದ್ದು" ಎಂದರೆ ವಾಕ್ಯ ಇನ್ನೂ ಮುಗಿದಿಲ್ಲ. ಅದು ಮುಂದಿನ ಮಾತಿಗೆ ಕಾಯುವವರ ಹಾಗೆ "ಪ್ರಶ್ನೆ ಪೂರ್ತಿ ಮಾಡಿ" ಎಂದು ಮರುಸಂದೇಶ ಕಳುಹಿಸಿತು. ಎಪ್ಪತ್ತು ದಾಟಿದವರಿಗೆ ಆ ಉತ್ತರ ಹೋದದ್ದು ನನಗೆ ಇಂದಿಗೂ ಬೇಸರ. ಶಾಖೆಯ ಹುಡುಗರೂ ನಾನೂ ಸೇರಿ ಮೂರೂ ಭಾಷೆಯಲ್ಲಿ ಜನ ನಿಜವಾಗಿ ಕೇಳುವ ವಾಕ್ಯಗಳನ್ನು ಬರೆದು ಉದಾಹರಣೆಯಾಗಿ ಸೇರಿಸಿದೆವು. ಅರ್ಥವಾಗದಿದ್ದರೆ ಗ್ರಾಹಕರನ್ನು ಮರಳಿ ಕೇಳಬಾರದು, ಶಾಖೆಯವರ ಕೈಗೆ ದಾಟಿಸಬೇಕು ಎಂಬ ನಿಯಮವೂ ಆಗಲೇ ಬಂದದ್ದು.

ಬೇಲಿಗಳ ಬಗ್ಗೆ ನಾನು ಹಠಮಾರಿ. ಆರ್ಡರ್ ಹಾಕುವ, ಹಣ ಸರಿಸುವ ಅಧಿಕಾರ ಯಾವ ಏಜೆಂಟಿಗೂ ಇಲ್ಲ. ದತ್ತಾಂಶವನ್ನು ಓದಬಹುದು, ತಿದ್ದುವ ಹಾಗಿಲ್ಲ. ಪ್ಯಾನ್, ಡಿಮ್ಯಾಟ್ ಸಂಖ್ಯೆ, ಹೆಸರು ಮಾದರಿಯ ಕಡೆ ಹೋಗುವುದೇ ಇಲ್ಲ, ಅವುಗಳ ಬದಲು ನಮ್ಮದೇ ಒಳಸಂಖ್ಯೆ ಹೋಗುತ್ತದೆ. ಪ್ರಕಟಣೆಯೊಳಗೆ ಯಾರಾದರೂ ಏಜೆಂಟಿಗೆ ಅಪ್ಪಣೆ ಬರೆದಿಟ್ಟರೆ ಅದನ್ನು ಪಾಲಿಸಬಾರದು, ಓದುವ ವಸ್ತುವೆಂದೇ ನೋಡಬೇಕು. ತೆರಿಗೆಯ ಪ್ರಶ್ನೆ ಬಂದರೆ, ಅದರಲ್ಲೂ 2018ರ ಜನವರಿ 31ರ ಬೆಲೆ ಹಿಡಿಯಬೇಕಾದ ಹಳೆಯ ಷೇರು ವಿಲೀನವಾಗಿದ್ದರೆ, ಏಜೆಂಟು ಕಾಗದಪತ್ರ ಜೋಡಿಸಿ ಲೆಕ್ಕಪರಿಶೋಧಕರಿಗೆ ಕೊಡುತ್ತದೆ, ತೀರ್ಮಾನ ಹೇಳುವುದಿಲ್ಲ. ತಪ್ಪಾದರೆ ಯಂತ್ರ ಮಾಡಿತು ಎಂದು ಗ್ರಾಹಕರ ಮುಂದೆ ನಾವು ಹೇಳಲಿಕ್ಕಾಗದು.

ಪೆರ್ಲದ ಹಿರಿಯರು ಹೋದ ತಿಂಗಳು ಶಾಖೆಗೇ ಬಂದಿದ್ದರು. 75ರ ಲೆಕ್ಕವನ್ನು ಏಜೆಂಟು ಬರೆದ ಕಾಗದದಲ್ಲಿ ಹೆಜ್ಜೆ ಹೆಜ್ಜೆಯಾಗಿ ತೋರಿಸಿದೆ. ತುಣುಕಿನ ನಗದು ಬಂದದ್ದನ್ನು ತಮ್ಮ ಪಾಸ್‌ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿ, "ಅಪ್ಪು ಮಾಣಿ, ಸರಿ ಇದ್ದು" (ಹೌದು ಹುಡುಗ, ಸರಿ ಇದೆ) ಎಂದರು. ಆಮೇಲೆ ಚೀಲದಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಕರ್ಣಾಟಕ ಬ್ಯಾಂಕಿನ ಹಳೆಯ ಷೇರುಪತ್ರ ತೆಗೆದರು, ಕಾಗದದ್ದು. 2019ರ ಏಪ್ರಿಲ್ 1ರ ನಂತರ ಕಾಗದದ ಷೇರನ್ನು ಮಾರಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಆಗುವುದಿಲ್ಲ, ಮೊದಲು ಡಿಮ್ಯಾಟ್ ಆಗಬೇಕು. ಪತ್ರದಲ್ಲಿ ಮನೆಯ ಹೆಸರು ಸೇರಿದ ಉದ್ದ ಹೆಸರು, ಪ್ಯಾನ್ ಕಾರ್ಡಿನಲ್ಲಿ ಎರಡು ಇನಿಶಿಯಲ್, ಗ್ರಾಮ ಕಚೇರಿಯ ಕಾಗದದಲ್ಲಿ ಮಲಯಾಳದ ಬರವಣಿಗೆ. ಕಂಪ್ಯೂಟರ್ ಬದಿಗಿಟ್ಟು ಅವರ ಜೊತೆ ಕುಳಿತು ಮೂರು ಹೆಸರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಬರುವ ಬುಧವಾರ ಅವರು ಆಧಾರ್ ತರುತ್ತಾರೆ.